ಬಾನೆಟ್ ಗ್ಯಾಪ್ ಸರಿ ಮಾಡುವ ಕೆಲಸ ಬಾಗಿಲಿನಿಂದ ಶುರು: ಸ್ಪೋರ್ಟ್ಸ್ ಕಾರಿನ ಪ್ಯಾನೆಲ್ ಹೊಂದಿಸಲು ಸಮಗ್ರ ಮಾರ್ಗದರ್ಶಿ

ಹೋದ ಬೇಸಿಗೆಯಲ್ಲಿ ನನ್ನ ಅತ್ತೆ ಮಗ ಸಾಗರದಿಂದ ತನ್ನ ಕಾರು ತಂದು ಶಿವಮೊಗ್ಗದ ನಮ್ಮ ಮನೆ ಮುಂದೆ ನಿಲ್ಲಿಸಿದ. ಎರಡೇ ಬಾಗಿಲು, ಬಟ್ಟೆಯ ಮಡಚುವ ಟಾಪು, ಉದ್ದ ಮೂತಿ. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ದೂರದಿಂದ ನೋಡಿದರೆ ಕಣ್ಣು ತುಂಬುವ ಗಾಡಿ, ಹತ್ತಿರ ಹೋದರೆ ಬಾನೆಟ್ಟಿನ ಎಡಗಡೆ ಸಂದು ಮುಂದೆ 7 ಮಿ.ಮೀ., ಹಿಂದೆ 4 ಮಿ.ಮೀ. ಬಲಗಡೆ ಮಾತ್ರ ಮುಂದಿನಿಂದ ಹಿಂದಿನ ತನಕ ಒಂದೇ ಸಮ 4. "ಬಾನೆಟ್ ಸ್ವಲ್ಪ ಎಡಕ್ಕೆ ಎಳೆದರೆ ಆಯ್ತಲ್ವಾ" ಅಂದ. ನನಗೂ ಹಾಗೇ ಅನ್ನಿಸಿತು. ಹಿಂಜ್ ಬೋಲ್ಟ್ ಸಡಿಲಿಸಿ ಎರಡು ಗಂಟೆ ಎಳೆದಾಡಿದೆವು. ಕೊನೆಗೆ ಎಡಗಡೆ ಅಷ್ಟಿಷ್ಟು ಸರಿಯಾಯಿತು, ಚೆನ್ನಾಗಿದ್ದ ಬಲಗಡೆ ಹಾಳಾಯಿತು.

ಸಂಜೆ ಪಕ್ಕದ ಬೀದಿಯ ಟಿಂಕರಿಂಗ್ ಮೇಸ್ತ್ರಿ ಬಂದರು. ಮುಟ್ಟಲಿಲ್ಲ, ಕೂತು ಒಂದು ಕಣ್ಣು ಮುಚ್ಚಿ ಎರಡೂ ಸಂದು ನೋಡಿದರು. "ಬಲಗಡೆ ಸರಿ ಇದ್ದದ್ದನ್ನ ಯಾಕೆ ಕೆಡಿಸಿದೆ ಮಾರಾಯ? ಎಡಗಡೆ ಫೆಂಡರ್ ಹೊರಗೆ ನಿಂತಿದೆ. ಅದಕ್ಕೆ ಬಾನೆಟ್ ಏನು ಮಾಡುತ್ತೆ?"

ಫೆಂಡರ್ ಅಂದರೆ ಮುಂದಿನ ಚಕ್ರದ ಮೇಲಿನ ಪಕ್ಕದ ತಗಡು. ಆ ಒಂದು ಮಾತಿನಲ್ಲಿ ಇಡೀ ಕೆಲಸ ಇದೆ. ಸಂದು ಬಾನೆಟ್ಟಿನ ಹತ್ತಿರ ಕಾಣಿಸುತ್ತೆ, ಆದರೆ ತಪ್ಪು ಬಾನೆಟ್ಟಿನದ್ದೇ ಆಗಿರಬೇಕಿಲ್ಲ. ಮಳೆಗಾಲದಲ್ಲಿ ನಮ್ಮ ಹಳೆ ಮನೆಯ ಬಾಗಿಲು ಚೌಕಟ್ಟಿಗೆ ಉಜ್ಜಿದರೆ ಗಡಿಬಿಡಿಯವರು ಬಾಗಿಲ ಅಂಚು ಹತ್ತರಿ ಹೊಡೆಯುತ್ತಾರೆ. ಗೊತ್ತಿರುವ ಬಡಗಿ ಮೊದಲು ಹಿಂಜು ಇಳಿದಿದೆಯಾ ನೋಡುತ್ತಾನೆ. ಕಾರಿನಲ್ಲೂ ಹಾಗೆಯೇ.

ಕ್ರಮ ಯಾಕೆ ಮುಖ್ಯ

ಕಾರಿನ ಬಾಡಿಯಲ್ಲಿ ಕೆಲವು ಭಾಗ ವೆಲ್ಡ್ ಆಗಿರುತ್ತವೆ, ಅಲ್ಲಾಡುವುದಿಲ್ಲ. ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್, ಬಾಗಿಲ ಕೆಳಗಿನ ಸಿಲ್, ವಿಂಡ್‌ಶೀಲ್ಡ್ ಚೌಕಟ್ಟು ಇವೆಲ್ಲ ಹಾಗೆ. ಉಳಿದವು ಬೋಲ್ಟ್ ಮೇಲೆ ನಿಂತಿವೆ: ಬಾಗಿಲು, ಮುಂದಿನ ಫೆಂಡರ್, ಬಾನೆಟ್, ಡಿಕ್ಕಿ, ಬಂಪರ್. ಅಲ್ಲಾಡದ ಭಾಗ ಹಿಡಿದು ಅಲ್ಲಾಡುವ ಭಾಗ ಹೊಂದಿಸಬೇಕು. ಹಾಗಾಗಿ ಕೆಲಸ ಹಿಂದಿನಿಂದ ಮುಂದಕ್ಕೆ ಹೋಗುತ್ತೆ. ಕ್ವಾರ್ಟರ್ ಪ್ಯಾನೆಲ್ ನೋಡಿ ಬಾಗಿಲು, ಬಾಗಿಲು ನೋಡಿ ಫೆಂಡರ್, ಎರಡೂ ಫೆಂಡರ್ ನೋಡಿ ಬಾನೆಟ್, ಕೊನೆಗೆ ಬಂಪರ್ ಮತ್ತು ಹೆಡ್‌ಲೈಟ್. ಈ ಕ್ರಮ ತಪ್ಪಿದರೆ ಮುಂದೆ ಮಾಡಿದ ಕೆಲಸವನ್ನು ಹಿಂದೆ ಹೋಗಿ ಮತ್ತೆ ಕೆಡಿಸಬೇಕಾಗುತ್ತೆ.

ಬಾಗಿಲು ಸರಿ ಇದೆ ಅಂತ ಅಳೆದು ಖಾತ್ರಿ ಆದರೆ ಬಾಗಿಲು ಮುಟ್ಟಬೇಡಿ. ಮುಂದಕ್ಕೆ ಹೋಗಿ.

ಮೊದಲು ರೋಗ ಯಾವುದು ಅಂತ ತಿಳಿಯಿರಿ

ಬಾನೆಟ್ ಮುಚ್ಚಿ, ಎರಡೂ ಕಡೆ ಮುಂದೆ, ಮಧ್ಯೆ, ಹಿಂದೆ ಅಳೆಯಿರಿ. ಆರು ಅಂಕಿ ಸಿಗುತ್ತವೆ. ಈ ಆರು ಅಂಕಿಗಳೇ ಹೆಚ್ಚಿನ ಕಥೆ ಹೇಳುತ್ತವೆ.

ಒಂದು ಕಡೆ ಸಮ ಇದ್ದು ಇನ್ನೊಂದು ಕಡೆ ಮಾತ್ರ ಓರೆ ಇದ್ದರೆ, ಓರೆ ಇರುವ ಕಡೆಯ ಫೆಂಡರ್ ಮೇಲೆ ಅನುಮಾನ ಪಡಿ. ನಮ್ಮ ಕಾರಿನದ್ದು ಇದೇ. ಎರಡೂ ಕಡೆ ಓರೆ, ಆದರೆ ಉಲ್ಟಾ, ಅಂದರೆ ಎಡಗಡೆ ಮುಂದೆ ಅಗಲ ಹಿಂದೆ ಸಣ್ಣ, ಬಲಗಡೆ ಮುಂದೆ ಸಣ್ಣ ಹಿಂದೆ ಅಗಲ ಇದ್ದರೆ ಬಾನೆಟ್ ತಿರುಗಿ ಕೂತಿದೆ. ಎರಡೂ ಕಡೆ ಮುಂದೆ ಅಗಲ, ಹಿಂದೆ ಸಣ್ಣ ಇದ್ದರೆ ಫೆಂಡರ್‌ಗಳ ಮೂತಿ ಹೊರಕ್ಕೆ ಹೋಗಿದೆ, ಅಥವಾ ರೇಡಿಯೇಟರ್ ಹಿಡಿದಿರುವ ಮುಂದಿನ ಚೌಕಟ್ಟು ಹಿಗ್ಗಿದೆ. ಎಡಗಡೆ ಉದ್ದಕ್ಕೂ 6, ಬಲಗಡೆ ಉದ್ದಕ್ಕೂ 2 ಇದ್ದರೆ ಬಾನೆಟ್ ಸುಮ್ನೆ ಬಲಕ್ಕೆ ಸರಿದಿದೆ. ಇದು ಎಲ್ಲಕ್ಕಿಂತ ಸುಲಭದ ಕೇಸು.

ಆಮೇಲೆ ಬಾನೆಟ್ ತೆರೆದು ಇಂಜಿನ್ ಕೋಣೆಯ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಬಲ ಹಿಂಜಿನ ಒಂದು ಬೋಲ್ಟಿನಿಂದ ಎಡ ಮುಂದಿನ ಮೂಲೆಯ ಒಂದು ರಂಧ್ರಕ್ಕೆ, ನಂತರ ಎಡದಿಂದ ಬಲಕ್ಕೆ, ಅದೇ ಜೋಡಿ ಬೋಲ್ಟು ಮತ್ತು ರಂಧ್ರಗಳ ನಡುವೆ. ಎರಡೂ ಉದ್ದ ಒಂದೇ ಇರಬೇಕು. ಒಂದೆರಡು ಮಿ.ಮೀ. ಹೆಚ್ಚುಕಡಿಮೆ ನಿಮ್ಮ ಟೇಪಿನದ್ದೇ ಇರಬಹುದು. ಐದಾರು ಮಿ.ಮೀ. ವ್ಯತ್ಯಾಸ ಬಂದರೆ ಗಾಡಿ ಎಲ್ಲೋ ಗುದ್ದಿಸಿಕೊಂಡಿದೆ, ಚೌಕಟ್ಟೇ ಓರೆಯಾಗಿದೆ. ಆಗ ಬೋಲ್ಟು ಸಡಿಲಿಸಿ ಪ್ಯಾನೆಲ್ ಎಳೆಯುವುದು ತಪ್ಪು ಮುಚ್ಚಿದಂತೆ ಅಷ್ಟೇ. ಚಾಸಿ ಎಳೆಯುವ ಬೆಂಚು ಇರುವ ಕಡೆಗೇ ಗಾಡಿ ಒಯ್ಯಿರಿ.

ಗ್ಯಾಪ್ ಎಷ್ಟಿರಬೇಕು? ಈಗಿನ ಹೆಚ್ಚಿನ ಕಾರುಗಳಲ್ಲಿ 3 ರಿಂದ 5 ಮಿ.ಮೀ. ನಡುವೆ ಇರುತ್ತೆ. ಹಳೆ ಕಾರುಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಸರಿಯಾದ ಅಂಕಿ ಇರುತ್ತೆ, ಅದೇ ಪ್ರಮಾಣ. ಹಳೆ ಮೇಸ್ತ್ರಿಗಳು "ಒಂದು ನೂಲು" ಅನ್ನುತ್ತಾರೆ, ಅಂದರೆ ಇಂಚಿನ ಎಂಟನೇ ಒಂದು ಭಾಗ, ಹತ್ತಿರಹತ್ತಿರ 3.2 ಮಿ.ಮೀ. ಒಂದು ವಿಷಯ ನೆನಪಿಡಿ. ಕಣ್ಣಿಗೆ ಸಂದಿನ ಅಗಲ ಅಷ್ಟು ತಿಳಿಯುವುದಿಲ್ಲ, ಅದು ಓರೆ ಇದ್ದರೆ ತಕ್ಷಣ ತಿಳಿಯುತ್ತೆ. ಉದ್ದಕ್ಕೂ 4.5 ಇದ್ದರೂ ಚೆಂದ, 3 ರಿಂದ 5ಕ್ಕೆ ಹಿಗ್ಗುತ್ತಾ ಹೋದರೆ ಅಸಹ್ಯ.

ಬೇಕಾದ ಸಾಮಾನು

10, 12, 13ರ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್. ಎಂ6 ಬೋಲ್ಟಿನ (ಅಂದರೆ 6 ಮಿ.ಮೀ. ದಪ್ಪದ್ದು) ತಲೆ 10, ಎಂ8ರ ತಲೆ ಜಪಾನ್ ಕಾರುಗಳಲ್ಲಿ ಸಾಮಾನ್ಯವಾಗಿ 12, ಯುರೋಪಿನವುಗಳಲ್ಲಿ 13. ಮಾಸ್ಕಿಂಗ್ ಟೇಪು, ಮಾರ್ಕರ್ ಪೆನ್ನು, ತುಕ್ಕು ಬಿಡಿಸುವ ಎಣ್ಣೆ, ಬೇರೆ ಬೇರೆ ದಪ್ಪದ ವಾಷರ್, ಹಳೆ ಕಂಬಳಿ. ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. ಜೊತೆಗೆ ಇನ್ನೊಬ್ಬರು ಬೇಕೇ ಬೇಕು, ಒಬ್ಬರೇ ಬಾನೆಟ್ ಸಡಿಲಿಸಬೇಡಿ. ಅದು ಜಾರಿದರೆ ಹಿಂದಿನ ಮೂಲೆ ನೇರ ವಿಂಡ್‌ಶೀಲ್ಡಿಗೆ ಹೊಡೆಯುತ್ತೆ.

ಸಂದು ಅಳೆಯಲು ಅಂಗಡಿಯ ಗೇಜೇ ಬೇಕಂತಿಲ್ಲ. ಡ್ರಿಲ್ ಬಿಟ್‌ಗಳ ನಯವಾದ ಬುಡ ಇದೆಯಲ್ಲ, 3, 3.5, 4, 4.5, 5, ಅದನ್ನೇ ಸಂದಿನಲ್ಲಿ ಇಟ್ಟು ನೋಡಿ. ಪೇಂಟಿಗೆ ಗೀರು ಬೀಳದಂತೆ ಒಂದು ಸುತ್ತು ಟೇಪು ಹಾಕಿ, ಅದರ ದಪ್ಪ ಲೆಕ್ಕಕ್ಕೆ ಹಿಡಿಯಿರಿ. ನನಗೆ ಅದಕ್ಕಿಂತ ಇಷ್ಟ ಹಳೆ ಎಟಿಎಂ ಕಾರ್ಡು. ಒಂದು ಕಾರ್ಡಿನ ದಪ್ಪ 0.76 ಮಿ.ಮೀ. ಐದು ಅಂಟಿಸಿದರೆ 3.8. ಅವಧಿ ಮುಗಿದ ಕಾರ್ಡು ಕತ್ತರಿಸಿ ಐದರ ಒಂದು ಕಟ್ಟು, ಆರರ ಒಂದು ಕಟ್ಟು ಮಾಡಿಟ್ಟುಕೊಂಡಿದ್ದೇನೆ. ಪ್ಲಾಸ್ಟಿಕ್ ಆದ್ದರಿಂದ ಪೇಂಟಿಗೆ ಏನೂ ಆಗುವುದಿಲ್ಲ.

ಗಾಡಿ ಎಲ್ಲಿ, ಯಾವಾಗ ನಿಲ್ಲಿಸಬೇಕು

ಮಲೆನಾಡಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಮನೆ ಅಂಗಳ ಇಳಿಜಾರು, ಅಡಿಕೆ ಒಣಗಿಸುವ ಕಣ ಮಾತ್ರ ಸಮ. ಕಣ ಖಾಲಿ ಇದ್ದರೆ ಅದೇ ಒಳ್ಳೆಯ ಜಾಗ. ನಾಲ್ಕೂ ಚಕ್ರ ನೆಲದ ಮೇಲಿರಲಿ, ಗಾಳಿ ಸರಿಯಾಗಿರಲಿ, ಡಿಕ್ಕಿಯಲ್ಲಿ ಭಾರ ಬೇಡ. ಜಾಕ್ ಮೇಲೆ ಇಟ್ಟು ಎಂದೂ ಪ್ಯಾನೆಲ್ ಹೊಂದಿಸಬೇಡಿ. ಮೇಲ್ಛಾವಣಿ ಇಲ್ಲದ ಗಾಡಿಗಳಂತೂ ಜಾಕ್ ಏರಿಸಿದರೆ ನಡು ಬಾಗುತ್ತವೆ. ನಂಬಿಕೆ ಬರದಿದ್ದರೆ ಬಾಗಿಲ ಹಿಂದಿನ ಸಂದು ಅಳೆದು, ಒಂದು ಮೂಲೆಗೆ ಜಾಕ್ ಕೊಟ್ಟು ಮತ್ತೆ ಅಳೆದು ನೋಡಿ, ಅಂಕಿ ಬದಲಾಗಿರುತ್ತೆ.

ಹೊತ್ತು ಬೆಳಗಿನದ್ದು, ಜಾಗ ನೆರಳಿನದ್ದು. ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಇದೆ. ಅಲ್ಯೂಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿ ಬಿಸಿಗೆ 0.023 ಮಿ.ಮೀ. ಹಿಗ್ಗುತ್ತೆ, ಉಕ್ಕು ಅದರ ಅರ್ಧದಷ್ಟು. ಬೆಳಗ್ಗೆಗೂ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೂ ತಗಡಿನ ಬಿಸಿಯಲ್ಲಿ 30 ಡಿಗ್ರಿ ವ್ಯತ್ಯಾಸ ಅಂತ ಹಿಡಿದರೆ, 1.2 ಮೀಟರ್ ಅಗಲದ ಅಲ್ಯೂಮಿನಿಯಂ ಬಾನೆಟ್ 0.8 ಮಿ.ಮೀ. ಅಗಲವಾಗುತ್ತೆ. ಬಿಸಿ ಬಾನೆಟ್ಟಿಗೆ ಹೊಂದಿಸಿದ ಸಂದು ಮರುದಿನ ಬೆಳಗ್ಗೆ ಬೇರೆಯೇ ಕಾಣುತ್ತೆ. ಸ್ಪೋರ್ಟ್ಸ್ ಕಾರುಗಳಲ್ಲಿ ತೂಕ ಇಳಿಸಲು ಅಲ್ಯೂಮಿನಿಯಂ ಬಾನೆಟ್ ತುಂಬಾ ಸಾಮಾನ್ಯ. 1989ರ ಮೊದಲ ಮಾಜ್ಡಾ ಎಂಎಕ್ಸ್-5ನಲ್ಲೇ ಇತ್ತು. 2016ರಲ್ಲಿ ನಮ್ಮ ದೇಶಕ್ಕೆ ಬಂದ ಫೋರ್ಡ್ ಮಸ್ಟಾಂಗ್‌ನಲ್ಲಿ ಬಾನೆಟ್ ಜೊತೆ ಮುಂದಿನ ಫೆಂಡರ್ ಕೂಡ ಅಲ್ಯೂಮಿನಿಯಂ. ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಫೈಬರ್.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಕಾರುಗಳಲ್ಲಿ, ಉದಾಹರಣೆಗೆ 2006ರ ಜಾಗ್ವಾರ್ ಎಕ್ಸ್‌ಕೆ, ಪಾದಚಾರಿಗೆ ಗುದ್ದಿದರೆ ಬಾನೆಟ್ ತಾನಾಗಿ ಮೇಲೇಳುವ ವ್ಯವಸ್ಥೆ ಹಿಂಜಿನ ಹತ್ತಿರ ಇರುತ್ತೆ. ಅದು ಏರ್‌ಬ್ಯಾಗ್ ತರಹ ಸಿಡಿಯುವ ವಸ್ತು. ಹಿಂಜಿನ ಪಕ್ಕ ವೈರು ಹೋಗಿರುವ ಸಣ್ಣ ಸಿಲಿಂಡರ್ ಕಂಡರೆ ಕೈ ಹಾಕಬೇಡಿ, ತಿಳಿದವರಿಗೆ ಬಿಡಿ.

ಗುರುತು ಹಾಕದೆ ಬೋಲ್ಟ್ ತಿರುಗಿಸಬೇಡಿ

ಹಿಂದಿನ ರಾತ್ರಿಯೇ ಎಲ್ಲ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. ನಮ್ಮ ಕಡೆ ಮೂರು ಮಳೆಗಾಲ ಕಂಡ ಫೆಂಡರ್ ಬೋಲ್ಟು, ಅದರಲ್ಲೂ ಚಕ್ರದ ಗೂಡಿನ ಒಳಗಿನದ್ದು, ಸುಮ್ನೆ ಬರುವುದಿಲ್ಲ. ಜೋರು ಮಾಡಿದರೆ ತಲೆ ಮುರಿಯುತ್ತೆ. ಬಿಗಿ ಅನ್ನಿಸಿದರೆ ಸ್ವಲ್ಪ ಬಿಚ್ಚಿ, ಸ್ವಲ್ಪ ವಾಪಸ್ ತಿರುಗಿಸಿ, ಮತ್ತೆ ಬಿಚ್ಚಿ.

ಪ್ಯಾನೆಲ್‌ಗಳ ಅಂಚಿಗೆಲ್ಲ ಮಾಸ್ಕಿಂಗ್ ಟೇಪು ಎರಡು ಪದರ ಅಂಟಿಸಿ. ಅಳೆದ ಅಂಕಿಯನ್ನು ಆಯಾ ಜಾಗದ ಟೇಪಿನ ಮೇಲೇ ಬರೆಯಿರಿ. ಪುಸ್ತಕದಲ್ಲಿ ಬರೆದರೆ ಎಡ ಯಾವುದು ಬಲ ಯಾವುದು ಅಂತ ಕೊನೆಗೆ ಗೊಂದಲ. ಆಮೇಲೆ ಪ್ರತಿ ಹಿಂಜಿನ ಸುತ್ತ, ಪ್ರತಿ ವಾಷರಿನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಏನು ಎಡವಟ್ಟಾದರೂ ಆ ಗೆರೆಗೆ ವಾಪಸ್ ಬರಬಹುದು. ಫೆಂಡರ್ ಕೆಳಗೆ ಸಣ್ಣ ತಗಡಿನ ತುಂಡು, ಅಂದರೆ ಶಿಮ್, ಸಿಕ್ಕರೆ ಅದು ಯಾವ ಬೋಲ್ಟಿನದ್ದು ಅಂತ ಅದರ ಮೇಲೇ ಬರೆದಿಡಿ. ನಮ್ಮ ಕಾರಿನ ಕೇಸಿನಲ್ಲಿ ಹಿಂದೆ ಯಾರೋ ರಿಪೇರಿ ಮಾಡಿದವರು ಎಡ ಫೆಂಡರಿನ ಮುಂದಿನ ಬೋಲ್ಟಿಗೆ ಬಲಗಡೆ ಇಲ್ಲದ ಎರಡು ಶಿಮ್ ಸೇರಿಸಿದ್ದರು. ಮೂತಿ 3 ಮಿ.ಮೀ. ಹೊರಗೆ ಹೋದದ್ದು ಅದರಿಂದಲೇ.

ಬಾಗಿಲು

ಬಾಗಿಲು ಅರ್ಧ ತೆರೆದು ಅದರ ಹಿಂದಿನ ತುದಿ ಹಿಡಿದು ಮೇಲಕ್ಕೆ ಎತ್ತಿ. ಕಟ್ ಕಟ್ ಅಂತ ಆಡಿದರೆ ಹಿಂಜಿನ ಪಿನ್ ಅಥವಾ ಬುಶ್ ಸವೆದಿದೆ. ಅದನ್ನು ಬದಲಿಸದೆ ಎಷ್ಟು ಹೊಂದಿಸಿದರೂ ತಿಂಗಳಲ್ಲಿ ಮತ್ತೆ ಇಳಿಯುತ್ತೆ. ಎರಡು ಬಾಗಿಲಿನ ಕಾರಿನ ಬಾಗಿಲು ಉದ್ದ, ಭಾರ. ಅದಕ್ಕೇ ಇವುಗಳಲ್ಲಿ ಈ ತೊಂದರೆ ಜಾಸ್ತಿ.

ಇಳಿದ ಬಾಗಿಲಿನ ಗುರುತು ಹೀಗೆ. ಬಾಗಿಲ ಮುಂದಿನ ಸಂದು ಮೇಲೆ ಅಗಲ, ಕೆಳಗೆ ಸಣ್ಣ. ಹಿಂದಿನ ಸಂದು ಮೇಲೆ ಸಣ್ಣ, ಕೆಳಗೆ ಅಗಲ. ಬಾಗಿಲಿನ ಗೆರೆ ಕ್ವಾರ್ಟರ್ ಪ್ಯಾನೆಲಿನ ಗೆರೆಗಿಂತ ತಗ್ಗಿರುತ್ತೆ.

ಸರಿ ಮಾಡುವಾಗ ಮೊದಲು ಬಾಡಿಯ ಮೇಲಿನ ಸ್ಟ್ರೈಕರ್ ಬಿಚ್ಚಿಡಿ, ಅಂದರೆ ಲಾಕ್ ಹೋಗಿ ಕಚ್ಚುವ ಕೊಂಡಿ. ಯಾಕೆಂದರೆ ಮುಚ್ಚುವಾಗ ಅದು ಬಾಗಿಲನ್ನು ತನ್ನ ಕಡೆಗೆ ಎತ್ತಿಬಿಡುತ್ತೆ, ಬಾಗಿಲು ನಿಜವಾಗಿ ಎಲ್ಲಿ ನಿಂತಿದೆ ಅಂತ ಗೊತ್ತಾಗುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಹಿಂಜನ್ನು ಬಾಡಿಗೆ ಕಟ್ಟಿದ ಬೋಲ್ಟು ಬಾಗಿಲನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸುತ್ತೆ. ಹಿಂಜನ್ನು ಬಾಗಿಲಿಗೆ ಕಟ್ಟಿದ ಬೋಲ್ಟು ಒಳಗೆ ಹೊರಗೆ ಸರಿಸುತ್ತೆ. ನಿಮ್ಮ ಗಾಡಿಯಲ್ಲಿ ಹೇಗಿದೆ ಅಂತ ರಂಧ್ರ ಯಾವ ಕಡೆಗೆ ಉದ್ದ ಇದೆ ನೋಡಿದರೆ ತಿಳಿಯುತ್ತೆ. ಒಂದು ಸಲಕ್ಕೆ ಒಂದೇ ಹಿಂಜು, ಅದೂ ಬೋಲ್ಟು ಪೂರ್ತಿ ಬಿಚ್ಚದೆ ಕಾಲು ಸುತ್ತು ಸಡಿಲಿಸಿ, ಕೆಳಗೆ ಕಂಬಳಿ ಸುತ್ತಿದ ಮರದ ತುಂಡನ್ನು ಜಾಕ್ ಮೇಲಿಟ್ಟು ಬಾಗಿಲನ್ನು ಮೆಲ್ಲಗೆ ಎತ್ತಿ, ಬಿಗಿ ಮಾಡಿ, ಮುಚ್ಚಿ ನೋಡಿ. ಕೆಳಗಿನ ಹಿಂಜನ್ನು ಒಂದು ಮಿ.ಮೀ. ಸರಿಸಿದರೆ ಬಾಗಿಲ ಹಿಂದಿನ ತುದಿ ಅದಕ್ಕಿಂತ ಹೆಚ್ಚು ಅಲ್ಲಾಡುತ್ತೆ, ಹಾಗಾಗಿ ಆತುರ ಬೇಡ.

ಎತ್ತರ ತಗ್ಗಿನ ಲೆಕ್ಕ ಒಂದಿದೆ. ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುತ್ತೆ. ಹಿಂದಿನ ಪ್ಯಾನೆಲಿನ ಅಂಚು ಮುಂದಿನದ್ದಕ್ಕಿಂತ ಉಬ್ಬಿದ್ದರೆ ಗಾಳಿ ಅದಕ್ಕೆ ಹೊಡೆದು ಸಿಳ್ಳೆ ಹಾಕುತ್ತೆ. ಎರಡೂ ಸಮ ಇರಲಿ. ಸಮ ಆಗದಿದ್ದರೆ ಬಾಗಿಲ ಮುಂದಿನ ಅಂಚು ಫೆಂಡರ್‌ಗಿಂತ ಅರ್ಧ ಮಿ.ಮೀ. ಒಳಗೆ ಇರಲಿ, ಹೊರಗೆ ಬೇಡ.

ಗಾಜಿಗೆ ಚೌಕಟ್ಟು ಇಲ್ಲದ ಬಾಗಿಲಾದರೆ ಬಾಗಿಲು ಸರಿಸಿದ ಮೇಲೆ ಗಾಜು ಟಾಪಿನ ರಬ್ಬರಿಗೆ ಸರಿಯಾಗಿ ಕೂರುತ್ತಾ ಅಂತ ನೋಡಲೇಬೇಕು. ಗಾಜಿಗೆ ಬೇರೆಯೇ ಬೋಲ್ಟುಗಳಿವೆ, ಬಾಗಿಲ ಒಳಗಿನ ಪ್ಯಾಡ್ ಬಿಚ್ಚಬೇಕು. ಇದನ್ನು ಮರೆತರೆ ಮೊದಲ ಮಳೆಗೇ ಸೀಟು ಒದ್ದೆ.

ಫೆಂಡರ್

ಫೆಂಡರ್ ಸುಮಾರು ಎಂಟು ಹತ್ತು ಬೋಲ್ಟಿನ ಮೇಲೆ ನಿಂತಿರುತ್ತೆ. ಮೇಲೆ ಬಾನೆಟ್ ಅಂಚಿನ ಕೆಳಗೆ ಒಂದು ಸಾಲು, ಬಾಗಿಲು ತೆರೆದರೆ ಹಿಂಜಿನ ಹತ್ತಿರ ಒಂದೋ ಎರಡೋ, ಕೆಳಗೆ ಸಿಲ್ ಹತ್ತಿರ, ಮುಂದೆ ಬಂಪರಿನ ಒಳಗೆ. ಎಲ್ಲವನ್ನೂ ಸಡಿಲಿಸಿ, ಯಾವುದನ್ನೂ ತೆಗೆಯಬೇಡಿ. ಒಂದು ಬೋಲ್ಟು ಬಿಗಿ ಉಳಿದರೆ ಫೆಂಡರ್ ಅದರ ಸುತ್ತ ತಿರುಗುತ್ತೆ ಹೊರತು ಸರಿಯುವುದಿಲ್ಲ.

ಮೊದಲು ಬಾಗಿಲ ಕಡೆಯ ಸಂದು. ಬಾಗಿಲು ಮುಚ್ಚಿ, ಕಾರ್ಡಿನ ಕಟ್ಟನ್ನು ಸಂದಿನ ಮೇಲ್ಭಾಗದಲ್ಲಿ ಒಂದು, ಕೆಳಭಾಗದಲ್ಲಿ ಒಂದು ಸಿಕ್ಕಿಸಿ. ಫೆಂಡರನ್ನು ಅಂಗೈಯಿಂದ ಹಿಂದಕ್ಕೆ ಒತ್ತಿ ಹಿಡಿಯಿರಿ, ಜೊತೆಯವರು ಮೇಲಿನ ಹಿಂದಿನ ಬೋಲ್ಟು ಬಿಗಿ ಮಾಡಲಿ. ಬಾಗಿಲನ್ನು ನಿಧಾನ ತೆರೆದು ನೋಡಿ, ಅದರ ಮುಂದಿನ ಅಂಚು ತೆರೆಯುವಾಗ ಒಳಕ್ಕೆ ತಿರುಗುತ್ತೆ. ಫೆಂಡರಿಗೆ ತಾಗಿದರೆ ಪೇಂಟ್ ಹೋಗುತ್ತೆ. ತಾಗುವುದಿಲ್ಲ ಅಂತ ಆದ ಮೇಲೆ ಹಿಂಜಿನ ಹತ್ತಿರದ್ದು, ಕೆಳಗಿನದ್ದು ಬಿಗಿ ಮಾಡಿ. ಮೇಲಿನ ಸಾಲಿನ ಉಳಿದವನ್ನು ಬಾನೆಟ್ ಕೂರಿಸುವ ತನಕ ಕೈಬಿಗಿಯಲ್ಲೇ ಬಿಡಿ.

ನಮ್ಮ ಗಾಡಿಯ ಆ ಎರಡು ಶಿಮ್ ತೆಗೆದು ಬೋಲ್ಟು ಬಿಗಿ ಮಾಡುತ್ತಿದ್ದಂತೆ 7 ಇದ್ದ ಸಂದು ನಮ್ಮ ಕಣ್ಣೆದುರೇ ಮುಚ್ಚುತ್ತಾ ಬಂತು. ಬಾನೆಟ್ಟನ್ನು ಹಳೆ ಮಾರ್ಕರ್ ಗೆರೆಗೆ ವಾಪಸ್ ತಂದೆವು. ಕಾರ್ಡಿನ ಕಟ್ಟು ಮುಂದಿನಿಂದ ಹಿಂದಿನವರೆಗೆ ಒಂದೇ ಬಿಗಿಯಲ್ಲಿ ಜಾರಿತು. ಆ ಜಾರುವಿಕೆ ಬೆರಳಿಗೆ ತಿಳಿದಾಗಿನ ಸಂತೋಷವೇ ಬೇರೆ.

ಬಾನೆಟ್

ಈಗ ಬಾನೆಟ್. ಇಲ್ಲೂ ಮೊದಲು ಸ್ಟ್ರೈಕರ್ ಬಿಚ್ಚಿಡಿ, ಬಾನೆಟ್ ಹಿಂಜಿನ ಮೇಲೆ ಮಾತ್ರ ನಿಲ್ಲಲಿ. ಮುಂದಿನ ರಬ್ಬರ್ ಸ್ಟಾಪರ್‌ಗಳನ್ನು ಮೂರ್ನಾಲ್ಕು ಸುತ್ತು ಕೆಳಕ್ಕೆ ಇಳಿಸಿಡಿ. ಈ ಸ್ಥಿತಿಯಲ್ಲಿ ಗಾಡಿ ಎಲ್ಲಿಗೂ ಓಡಿಸುವಂತಿಲ್ಲ, ಗೇಟಿನ ತನಕ ಕೂಡ.

ಬಾನೆಟ್ಟಿನ ತಗಡಿಗೆ ಹಿಂಜು ಕಟ್ಟಿದ ಬೋಲ್ಟುಗಳಿಂದ ಹಿಂದೆ ಮುಂದೆ ಮತ್ತು ಎಡ ಬಲ ಸರಿಯುತ್ತೆ. ಪ್ರತಿ ಹಿಂಜಿನಲ್ಲೂ ಎರಡು ಬೋಲ್ಟು ಇದ್ದರೆ ಒಂದನ್ನು ಪೂರ್ತಿ ಸಡಿಲ, ಇನ್ನೊಂದನ್ನು ಅರೆಬಿಗಿ ಬಿಡಿ. ಕೈಯಿಂದ ತಳ್ಳಿದರೆ ಸರಿಯಬೇಕು, ತಾನಾಗಿ ಜಾರಬಾರದು. ಮೆಲ್ಲಗೆ ಮುಚ್ಚಿ, ಸಂದಿನಲ್ಲಿ ಕಾರ್ಡು ಇಟ್ಟು ತಳ್ಳಿ, ಹಾಗೇ ಹಿಡಿದು ತೆರೆದು ಬಿಗಿ ಮಾಡಿ.

ತಿರುಗಿ ಕೂತ ಬಾನೆಟ್ಟಿಗೆ ಒಂದು ಸೂತ್ರ. ನೀವು ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡುತ್ತಿದ್ದೀರಿ ಅಂದುಕೊಳ್ಳಿ. ಬಲ ಹಿಂಜಿನ ಹತ್ತಿರ ಬಾನೆಟ್ಟನ್ನು ಮುಂದಕ್ಕೆ ತಳ್ಳಿದರೆ ಮೂತಿ ಎಡಕ್ಕೆ ಹೋಗುತ್ತೆ. ಎಡ ಹಿಂಜಿನ ಹತ್ತಿರ ಮುಂದಕ್ಕೆ ತಳ್ಳಿದರೆ ಮೂತಿ ಬಲಕ್ಕೆ. ಮೂತಿ ಹಿಡಿದು ಪಕ್ಕಕ್ಕೆ ಎಳೆಯುವುದಕ್ಕಿಂತ ಇದು ಒಳ್ಳೆಯದು, ತಗಡು ಬಾಗುವುದಿಲ್ಲ. ಉದ್ದ ಬಾನೆಟ್ಟಿನ ಸ್ಪೋರ್ಟ್ಸ್ ಕಾರಿನಲ್ಲಿ ಹಿಂಜಿನ ಹತ್ತಿರ ಒಂದು ಮಿ.ಮೀ. ಸರಿಸಿದ್ದು ಮೂತಿಯಲ್ಲಿ ಚೆನ್ನಾಗಿಯೇ ಕಾಣುತ್ತೆ.

ಹಿಂದಿನ ಅಂಚು, ಅಂದರೆ ವಿಂಡ್‌ಶೀಲ್ಡ್ ಕಡೆಯದ್ದು, ಫೆಂಡರ್‌ಗಿಂತ ಮೇಲೆ ನಿಂತಿದ್ದರೆ ಹಿಂಜನ್ನು ಬಾಡಿಗೆ ಕಟ್ಟಿದ ಬೋಲ್ಟು ನೋಡಿ. ಅಲ್ಲಿ ಮೇಲೆ ಕೆಳಗೆ ಸರಿಯುವ ಉದ್ದ ರಂಧ್ರ ಇದ್ದರೆ ಸುಲಭ. ಇಲ್ಲದಿದ್ದರೆ ಹಿಂಜಿನ ಕೆಳಗೆ ತೆಳು ಶಿಮ್ ಸೇರಿಸಿದರೆ ಏರುತ್ತೆ, ಇದ್ದದ್ದನ್ನು ತೆಗೆದರೆ ಇಳಿಯುತ್ತೆ. ಒಂದು ಸಲಕ್ಕೆ ಅರ್ಧ ಮಿ.ಮೀ. ಸಾಕು. ಅದಕ್ಕೂ ಮೊದಲು ಬಾನೆಟ್ಟಿನ ಹಿಂದಿನ ರಬ್ಬರ್ ಬೀಡಿಂಗ್ ದಪ್ಪಗೆ ಮಡಚಿಕೊಂಡಿದೆಯಾ, ಹಿಂಜಿನ ಕೀಲು ಜಾಮ್ ಆಗಿದೆಯಾ ನೋಡಿ. ಕೀಲು ತುಕ್ಕು ಹಿಡಿದಿದ್ದರೆ ಮುಚ್ಚುವಾಗ ಮೂಲೆ ಮೇಲೇ ಉಳಿಯುತ್ತೆ. ಎಣ್ಣೆ ಬಿಟ್ಟು ಹತ್ತು ಸಲ ಆಡಿಸಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತೆ.

ಮುಂದಿನ ಎತ್ತರ ರಬ್ಬರ್ ಸ್ಟಾಪರಿನ ಕೈಯಲ್ಲಿದೆ. ಇವು ಥ್ರೆಡ್ ಮೇಲೆ ತಿರುಗುತ್ತವೆ. ಎಂ8 ಅಳತೆಯ ಸಾಮಾನ್ಯ ಥ್ರೆಡ್ ಆದರೆ ಒಂದು ಪೂರ್ತಿ ಸುತ್ತಿಗೆ 1.25 ಮಿ.ಮೀ., ಕಾಲು ಸುತ್ತಿಗೆ 0.3. ಎರಡೂ ಕಡೆ ಬಾನೆಟ್ ಫೆಂಡರ್ ಸಮಕ್ಕೆ ಬರುವ ತನಕ ಏರಿಸಿ. ಆಮೇಲೆ ದಿನಪತ್ರಿಕೆಯ ಒಂದು ಪಟ್ಟಿ ಹರಿದು ಸ್ಟಾಪರಿನ ಮೇಲಿಟ್ಟು ಬಾನೆಟ್ ಮುಚ್ಚಿ ಎಳೆಯಿರಿ. ಸ್ವಲ್ಪ ಹಿಡಿದುಕೊಂಡು ಬರಬೇಕು. ಸಲೀಸಾಗಿ ಬಂದರೆ ರಬ್ಬರ್ ತಾಗುತ್ತಿಲ್ಲ, ಓಡುವಾಗ ಬಾನೆಟ್ ಅದುರುತ್ತೆ. ಎರಡೂ ಕಡೆ ಒಂದೇ ಹಿಡಿತ ಇರಬೇಕು. ರಬ್ಬರ್ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಹೊಸದೇ ಹಾಕಿ.

ಲಾಕ್

ಇದು ಅಂದದ ವಿಷಯ ಅಲ್ಲ, ಜೀವದ ವಿಷಯ. ಓಡುವಾಗ ಬಾನೆಟ್ ಎದ್ದು ವಿಂಡ್‌ಶೀಲ್ಡಿಗೆ ಬಡಿದರೆ ಎದುರಿಗೆ ಏನೂ ಕಾಣುವುದಿಲ್ಲ.

ಸ್ಟ್ರೈಕರನ್ನು ಕೈಬಿಗಿಯಲ್ಲಿ ಹಾಕಿ. ಮುಚ್ಚುವ ಮೊದಲು ಲಾಕಿನ ಬಿಡಿಸುವ ಲಿವರಿಗೆ ಒಂದು ಗಟ್ಟಿ ದಾರ ಕಟ್ಟಿ ಗ್ರಿಲ್ಲಿನ ಹೊರಗೆ ಎಳೆದಿಡಿ. ಸ್ಟ್ರೈಕರ್ ಓರೆಯಾಗಿ ಕಚ್ಚಿಕೊಂಡು ಕೇಬಲ್‌ಗೆ ಬಿಡದಿದ್ದರೆ ಆ ದಾರವೇ ಗತಿ. ಇಲ್ಲದಿದ್ದರೆ ಬಂಪರ್ ಬಿಚ್ಚಬೇಕಾಗುತ್ತೆ. ಬಾನೆಟ್ ಮೆಲ್ಲಗೆ ಇಳಿಸಿ, ಸ್ಟ್ರೈಕರ್ ತಾನಾಗಿ ಲಾಕಿನ ಮಧ್ಯಕ್ಕೆ ಸರಿದುಕೊಳ್ಳಲಿ. ತೆರೆದು, ಸರಿಯದಂತೆ ಹಿಡಿದು ಬಿಗಿ ಮಾಡಿ. ಮುಚ್ಚುವಾಗ ಬಾನೆಟ್ ಕೊನೆ ಕ್ಷಣದಲ್ಲಿ ಎಡಕ್ಕೋ ಬಲಕ್ಕೋ ಜಿಗಿದರೆ ಸ್ಟ್ರೈಕರ್ ಮಧ್ಯದಲ್ಲಿಲ್ಲ. ಲಾಕಿನಿಂದ ಬಾನೆಟ್ ಎಳೆದು ಸಂದು ಸರಿ ಮಾಡುವ ಚಾಳಿ ಕೆಲವರಿಗಿದೆ, ಅದು ತಪ್ಪು. ಲಾಕ್ ಹಿಡಿಯಲು, ಹಿಂಜು ಹೊಂದಿಸಲು.

ಮುಚ್ಚಿದ ಮೇಲೆ ಮುಂದಿನ ಅಂಚು ಹಿಡಿದು ಮೇಲಕ್ಕೆ ಎಳೆಯಿರಿ. ಆಡಬಾರದು. ಆಡಿದರೆ ಲಾಕ್ ಸ್ವಲ್ಪ ಕೆಳಗೆ ಹೋಗಬೇಕು. ಧಡ್ ಅಂತ ಹೊಡೆದರೆ ಮಾತ್ರ ಬೀಳುತ್ತೆ ಅಂದರೆ ಸ್ವಲ್ಪ ಮೇಲೆ ಬರಬೇಕು. ಅಲ್ಯೂಮಿನಿಯಂ ಬಾನೆಟ್ಟನ್ನು ಅಂಗೈಯಿಂದ ಒತ್ತಿ ಮುಚ್ಚಬೇಡಿ, ಕೈ ಗುರುತಿನ ತಗ್ಗು ಬೀಳುತ್ತೆ. ಒಂದು ಗೇಣು ಎತ್ತರದಿಂದ ಬಿಟ್ಟರೆ ಹೆಚ್ಚಿನವು ತಾವೇ ಲಾಕ್ ಆಗುತ್ತವೆ. ಕೊನೆಗೆ ಒಳಗಿನ ಕೇಬಲ್ ಎಳೆದು ಲಾಕ್ ಬಿಡಿಸಿ, ಎರಡನೇ ಸೇಫ್ಟಿ ಕೊಕ್ಕೆ ಬಾನೆಟ್ಟನ್ನು ಹಿಡಿದು ನಿಲ್ಲಿಸುತ್ತಾ ನೋಡಿ. ಇದನ್ನು ಐದು ಸಲ ಮಾಡಿ. ಒಮ್ಮೆ ತಪ್ಪಿದರೂ ರಸ್ತೆಗೆ ಇಳಿಸಬೇಡಿ.

ಬೋಲ್ಟಿನ ಬಿಗಿ ಸರ್ವಿಸ್ ಪುಸ್ತಕದ ಪ್ರಕಾರ ಇರಲಿ. ಅಂದಾಜಿಗೆ, ಸಾಮಾನ್ಯ ಎಂ6 ಉಕ್ಕಿನ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು, ಎಂ8ಕ್ಕೆ 22ರಿಂದ 25. ಫೈಬರ್ ಬಾಡಿಗೆ ಇದೂ ಜಾಸ್ತಿ.

ಬೇರೆ ತರಹದ ಬಾನೆಟ್‌ಗಳು

ಎಲ್ಲ ಸ್ಪೋರ್ಟ್ಸ್ ಕಾರೂ ಹೀಗೆ ಇರುವುದಿಲ್ಲ. 1961ರ ಜಾಗ್ವಾರ್ ಇ-ಟೈಪ್‌ನಲ್ಲಿ ಫೆಂಡರ್ ಸಮೇತ ಇಡೀ ಮೂತಿಯೇ ಮುಂದಕ್ಕೆ ತೆರೆದುಕೊಳ್ಳುತ್ತೆ. 1984ರ ಕಾರ್ವೆಟ್‌ನಲ್ಲೂ ಹಿಂಜು ಮುಂದೆ. ಅಂಥ ಕಡೆ ಸೂತ್ರ ಉಲ್ಟಾ, ಹಿಂಜು ಮೂತಿಯ ಹತ್ತಿರ, ಲಾಕ್ ವಿಂಡ್‌ಶೀಲ್ಡ್ ಹತ್ತಿರ. ಆದರೂ ಬಾಗಿಲಿನಿಂದಲೇ ಶುರು. ಕಾರ್ವೆಟ್ 1953ರಿಂದಲೂ ಫೈಬರ್ ಬಾಡಿಯ ಕಾರು, ನಮ್ಮ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಕೂಡ ಫೈಬರ್‌ದೇ. ಫೈಬರಿಗೆ ಅಗಲ ವಾಷರ್ ಹಾಕಿ ಹದವಾಗಿ ಬಿಗಿ ಮಾಡಿ, ಜೋರಾದರೆ ರಂಧ್ರದ ಸುತ್ತ ಬಿರುಕು ಬಿಡುತ್ತೆ. ತಗಡಿನ ತರಹ ಬಾಗಿಸಿ ಸರಿ ಮಾಡುವ ದಾರಿ ಅದರಲ್ಲಿ ಇಲ್ಲ.

ಬಂಪರ್ ಮತ್ತು ಹೆಡ್‌ಲೈಟ್ ಕೊನೆಗೆ. ಪ್ಲಾಸ್ಟಿಕ್ ಬಂಪರ್ ಹೇಗೆ ಎಳೆದರೂ ಬರುತ್ತೆ, ಅದನ್ನು ನೋಡಿ ಫೆಂಡರ್ ಹೊಂದಿಸಬೇಡಿ. ಮುರಿದ ಕ್ಲಿಪ್ಪು ಬದಲಿಸಿ. ಹೆಡ್‌ಲೈಟ್ ಸರಿಸಿದ್ದರೆ ರಾತ್ರಿ ಗೋಡೆಗೆ ಬೆಳಕು ಹಾಕಿ ಎತ್ತರ ನೋಡಿ. ಡಿಕ್ಕಿಗೂ ಬಾನೆಟ್ಟಿನ ಕ್ರಮವೇ.

ಮಲೆನಾಡಿನವರಿಗೆ ಮಾತ್ರ

ಸಂದು ಸರಿಯಾದ ಖುಷಿಯಲ್ಲಿ ಎಲ್ಲರೂ ಬಿಡುವ ಕೆಲಸ ಇದು. ಬೋಲ್ಟು ಸರಿದ ಕಡೆ ಪೇಂಟ್ ಒಡೆದು ಬರಿ ತಗಡು ಕಾಣುತ್ತಿರುತ್ತೆ. ಬೇರೆ ಊರಲ್ಲಿ ಅದು ವರ್ಷ ತಾಳಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುತ್ತೆ, ತೀರ್ಥಹಳ್ಳಿ, ಹೊಸನಗರದ ಕಡೆಯೂ ತಿಂಗಳುಗಟ್ಟಲೆ ಗಾಡಿ ಒಣಗುವುದೇ ಇಲ್ಲ. ಅದೇ ದಿನ ಟಚ್-ಅಪ್ ಪೇಂಟ್ ಹಚ್ಚಿ, ಒಣಗಿದ ಮೇಲೆ ಬೋಲ್ಟಿನ ತಲೆಗೆ ವ್ಯಾಕ್ಸ್ ಅಥವಾ ಗ್ರೀಸ್ ಸವರಿ. ಅಲ್ಯೂಮಿನಿಯಂ ಬಾನೆಟ್ಟಿಗೆ ಉಕ್ಕಿನ ಹಿಂಜು ಇದ್ದರೆ ಇನ್ನೂ ಜೋಪಾನ. ಎರಡು ಲೋಹದ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿಯಾಗಿ ಪೇಂಟ್ ಗುಳ್ಳೆ ಏಳುತ್ತೆ. ಕಂಪನಿಯ ಲೇಪ ಇರುವ ಬೋಲ್ಟು, ವಾಷರನ್ನೇ ವಾಪಸ್ ಹಾಕಿ, ಅಂಗಡಿಯ ಬರಿ ಕಬ್ಬಿಣದ್ದು ಬೇಡ.

ಬಾನೆಟ್ ತೆರೆದಿರುವಾಗಲೇ ವಿಂಡ್‌ಶೀಲ್ಡ್ ಕೆಳಗಿನ ನೀರು ಹೋಗುವ ತೂತು ನೋಡಿ. ಸಿಲ್ವರ್ ಓಕ್ ಕೆಳಗೆ ನಿಲ್ಲಿಸುವ ಗಾಡಿಯಲ್ಲಿ ಅಲ್ಲಿ ಎಲೆಯ ಗೊಬ್ಬರವೇ ಆಗಿರುತ್ತೆ. ನಾವು ಆ ದಿನ ಎರಡು ಬೊಗಸೆ ತೆಗೆದೆವು. ಆಮೇಲೆ ಪೈಪು ಹಿಡಿದು ಹತ್ತು ನಿಮಿಷ ಬಾಗಿಲಿಗೂ ಟಾಪಿಗೂ ನೀರು ಬಿಟ್ಟು ಒಳಗೆ ಮ್ಯಾಟ್ ಕೆಳಗೆ ಕೈ ಹಾಕಿ ನೋಡಿ.

ಓಡಿಸಿ ನೋಡುವುದು ಕೊನೆ ಹೆಜ್ಜೆ. ನಾವು ಗಾಜನೂರು ದಾಟಿ ಮಂಡಗದ್ದೆ ತನಕ ತೀರ್ಥಹಳ್ಳಿ ರಸ್ತೆಯಲ್ಲಿ ಹೋದೆವು. ಮೊದಲು 40ರ ವೇಗ, ನಿಲ್ಲಿಸಿ ಬಾನೆಟ್ ನೋಡಿದೆವು, ಆಮೇಲೆ 60, ಆಮೇಲೆ 80. ಪಕ್ಕದವರು ಬಾನೆಟ್ಟಿನ ಮುಂದಿನ ಅಂಚಿನ ಮೇಲೆ ಕಣ್ಣಿಟ್ಟಿರಲಿ, ಲಾರಿ ಎದುರಾದಾಗ ಗಾಳಿಯ ಹೊಡೆತಕ್ಕೆ ಅದುರುತ್ತಾ ಅಂತ ನೋಡಲಿ. ಉಬ್ಬು ಹತ್ತಿಸುವಾಗ ಟಕ್ ಅಂತ ಸದ್ದು ಬಂದರೆ ಎಲ್ಲೋ ಲೋಹ ಲೋಹಕ್ಕೆ ತಾಗುತ್ತಿದೆ, ಟೇಪಿನ ಮೇಲೆ ಉಜ್ಜಿದ ಗುರುತು ಹುಡುಕಿ. ಟೇಪು ಇನ್ನೂ ತೆಗೆಯಬಾರದು ಅನ್ನುವುದು ಅದಕ್ಕೇ. 300 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟು ಮತ್ತೊಮ್ಮೆ ಬಿಗಿ ನೋಡಿ, ಆರೂ ಜಾಗ ಅಳೆದು ಅಂಕಿ ಬದಲಾಗಿಲ್ಲ ಅಂತ ಖಾತ್ರಿಯಾದ ಮೇಲೆ ಟೇಪು ಕೀಳಿ. ಬಿಸಿಲಿನಲ್ಲಿ ವಾರಗಟ್ಟಲೆ ಬಿಟ್ಟರೆ ಅದರ ಅಂಟು ಪೇಂಟಿಗೆ ಹಿಡಿಯುತ್ತೆ, ನೆರಳಲ್ಲೇ ನಿಲ್ಲಿಸಿ.